ನಡೆದರೆ ಸಾಲದೇನ್ರಿ ಮಾಸ್ತರ್?

ಹೋದ ಸಂಚಿಕೆಯಲ್ಲಿ "ಅರವತ್ತು ದಾಟಿದವರು ಭಾರ ಎತ್ತುವುದನ್ನು ಬಿಡಬಾರದು, ಶುರು ಮಾಡಬೇಕು" ಎಂದು ಬರೆದಿದ್ದೆ. ಒಂದೇ ಒಂದು ಸಾಲು. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳ ನನ್ನ ಹತ್ತಿರ ಇರಲಿ. ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕೊಪ್ಪಳ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರ್ ಆಗಿದ್ದವನು. ಈಗ 64. ಡಾಕ್ಟರ್ ಅಲ್ಲ. ಗುಳಿಗೆ ಬದಲಿಸುವ ವಿಷಯ ನನ್ನನ್ನು ಕೇಳಬೇಡಿ.

ದಿನಾ ಬೆಳಿಗ್ಗೆ ಮುನ್ಸಿಪಲ್ ಮೈದಾನದಲ್ಲಿ ಒಂದು ತಾಸು ನಡೆಯುತ್ತೇನೆ. ಹನ್ನೆರಡು ವರ್ಷದಿಂದ ತಪ್ಪಿಸಿಲ್ಲ. ಬಿಪಿ, ಶುಗರ್ ಎರಡೂ ಹತೋಟಿಯಲ್ಲಿವೆ. ಆದರೆ ಮೊನ್ನೆ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಕೆಳಗೆ ಕುಳಿತವನು ಏಳಲು ಆಗದೆ ಪಕ್ಕದವರ ಹೆಗಲು ಹಿಡಿಯಬೇಕಾಯಿತು. ಬಹಳ ನಾಚಿಕೆಯಾಯಿತು. ನಡೆದರೆ ಸಾಲದೇನ್ರಿ ಮಾಸ್ತರ್?
— ನಿವೃತ್ತ ಬ್ಯಾಂಕ್ ನೌಕರ, 66, ಬಳ್ಳಾರಿ

ಸಾಲದು ಸರ್. ಆದರೆ ನಡಿಗೆ ಬಿಡಬೇಡಿ. ನಿಮ್ಮ ಬಿಪಿ, ಶುಗರ್ ಹತೋಟಿಯಲ್ಲಿರುವುದಕ್ಕೆ ಆ ಹನ್ನೆರಡು ವರ್ಷದ ಪಾಲೂ ಇದೆ.

ಸಮತಟ್ಟಾದ ಮೈದಾನದಲ್ಲಿ ನಡೆಯುವಾಗ ತೊಡೆ ತನ್ನ ಬಲದಲ್ಲಿ ಸ್ವಲ್ಪವನ್ನೇ ಖರ್ಚು ಮಾಡುತ್ತದೆ. ನೆಲದಿಂದ ಏಳುವುದು ಹಾಗಲ್ಲ. ಇಡೀ ಮೈಯನ್ನು ಎರಡು ತೊಡೆಗಳು ಎತ್ತಿ ನಿಲ್ಲಿಸಬೇಕು. ಅದು ನಡೆಯುವ ಕೆಲಸವಲ್ಲ, ಭಾರ ಎತ್ತುವ ಕೆಲಸ. ಆ ಕೆಲಸವನ್ನು ನೀವು ಎಷ್ಟೋ ವರ್ಷದಿಂದ ಮಾಡಿಯೇ ಇಲ್ಲ. ಬ್ಯಾಂಕಿನಲ್ಲಿ ಕುರ್ಚಿ, ಮನೆಯಲ್ಲಿ ಸೋಫಾ, ಈಗ ಪಾಯಖಾನೆಯೂ ಕಮೋಡ್. ನೆಲಕ್ಕೆ ಕೂರುವ ಪ್ರಸಂಗವೇ ಬರುವುದಿಲ್ಲ, ಅಲ್ವಾ?

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಸವೆಯುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂರುವುದರಿಂದ ತೂಕದ ಯಂತ್ರಕ್ಕೆ ಇದು ಗೊತ್ತೇ ಆಗುವುದಿಲ್ಲ. "ಇಪ್ಪತ್ತು ವರ್ಷದಿಂದ ನನ್ನ ತೂಕ ಅಷ್ಟೇ ಇದೆ" ಎಂದು ಹೆಮ್ಮೆಪಡುವವರನ್ನು ಕಂಡರೆ ನನಗೆ ಒಳಗೊಳಗೇ ಭಯ. ಇನ್ನೊಂದು ವಿಷಯ, ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಬೀಳದ ಹಾಗೆ ತಡೆಯುತ್ತವಲ್ಲ, ಸ್ನಾಯುವಿನ ಆ ಚುರುಕು ಎಳೆಗಳೇ ಜಾಸ್ತಿ ಸವೆಯುವುದು. ಈ ಸವೆತಕ್ಕೆ ಸಾರ್ಕೊಪೀನಿಯಾ ಎಂಬ ಹೆಸರು ಸಿಕ್ಕಿದ್ದೇ 1989ರಲ್ಲಿ. ಅದಕ್ಕೂ ಮುಂಚೆ ಎಲ್ಲರೂ ಇಟ್ಟಿದ್ದ ಹೆಸರು "ವಯಸ್ಸಾಯ್ತು ಬಿಡ್ರಿ".

ಬಿಡಬೇಕಾಗಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನ ವೈದ್ಯರು ಒಂದು ವೃದ್ಧಾಶ್ರಮದ ಹತ್ತು ಜನರಿಗೆ ಎಂಟು ವಾರ ತೊಡೆಯ ಭಾರದ ವ್ಯಾಯಾಮ ಮಾಡಿಸಿದರು. ಆ ಹತ್ತು ಜನರ ಸರಾಸರಿ ವಯಸ್ಸು 90! ನಿಮಗಿಂತ 24 ವರ್ಷ ಹಿರಿಯರು. ಪೂರ್ತಿ ಮಾಡಿದವರ ತೊಡೆಯ ಬಲ ಸರಾಸರಿ ಶೇ 174 ಏರಿತು. ಅಂದರೆ ಎರಡೂವರೆ ಪಟ್ಟಿಗೂ ಜಾಸ್ತಿ. ಇಬ್ಬರು ಕೋಲು ಬಿಟ್ಟು ನಡೆದರು. ಆಮೇಲೆ ನಾಲ್ಕು ವಾರ ನಿಲ್ಲಿಸಿದಾಗ ಗಳಿಸಿದ್ದು ಬೇಗ ಕರಗಿತು ಎಂಬುದನ್ನೂ ಅವರೇ ಬರೆದಿದ್ದಾರೆ. ಅದನ್ನೂ ನೆನಪಿಡಿ.

ಈಗಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿಟ್ಟ, ಕೈಯಿಲ್ಲದ ಕುರ್ಚಿಯಲ್ಲಿ ಕುಳಿತು, ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ನಿಮ್ಮ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿವೆ ಅಂತ. ಹೆಂಗಸರಿಗೆ 11. ಎಷ್ಟೇ ಬರಲಿ, ಅದೇ ನಿಮ್ಮ ವ್ಯಾಯಾಮ. ಒಂದು ದಿನ ಬಿಟ್ಟು ಒಂದು ದಿನ ಹತ್ತು ಸಲ ಎದ್ದು ಕೂರಿ, ಎರಡು ನಿಮಿಷ ದಣಿವಾರಿಸಿ, ಮತ್ತೆ ಹತ್ತು, ಮತ್ತೆ ಹತ್ತು. ಅದು ಹಗುರ ಅನಿಸಿದ ದಿನ ಕುರ್ಚಿ ಬಿಟ್ಟು ಕುಳ್ಳಗಿನ ಸ್ಟೂಲಿಗೆ ಬನ್ನಿ. ಅದೂ ಹಗುರವಾದರೆ ಎದೆಗೆ ಒಂದು ಭಾರ ಅವುಚಿಕೊಳ್ಳಿ. ಎಣ್ಣೆ ಮುಗಿದ 5 ಲೀಟರ್ ಕ್ಯಾನ್ ತೊಳೆದು ನೀರು ತುಂಬಿಸಿ ಸಾಕು, ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಇದಕ್ಕಿಂತ ಸೋವಿ ಡಂಬೆಲ್ ಎಲ್ಲಿ ಸಿಗುತ್ತದೆ? ಕೊನೆಗೆ ಮಣೆ. ಮಣೆಯಿಂದ ಎದ್ದವರು ಪಂಕ್ತಿಯಿಂದಲೂ ಏಳುತ್ತಾರೆ.

ನಮ್ಮಪ್ಪ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಮೂವತ್ತೈದು ವರ್ಷ ಹಮಾಲಿ. 75 ಕೆಜಿ ಚೀಲ ಬೆನ್ನ ಮೇಲೆ ಹೊತ್ತವರು. ಈಗ 58. ನಡು ನೋವು, ಮೊಣಕಾಲು ನೋವು, ಚೀಲ ಬಿಟ್ಟು ಒಂದು ವರ್ಷ ಆಯಿತು. ನಿಮ್ಮ ಸಾಲು ಓದಿ ಹೇಳಿದರೆ "ಭಾರ ಎತ್ತಿ ಎತ್ತಿಯೇ ಹೀಗಾಗಿದ್ದೇನೆ, ಇನ್ನೂ ಎತ್ತು ಅಂತಾನಾ ಅವನು?" ಎಂದು ಸಿಟ್ಟಾದರು.
— ಓದುಗಿ, ಗಂಗಾವತಿ

ನೋಡವ್ವಾ, ಬಂದ ಬೈಗುಳಗಳಲ್ಲೆಲ್ಲ ನ್ಯಾಯವಾದ ಬೈಗುಳ ನಿಮ್ಮಪ್ಪಂದು. ಈ ಉತ್ತರವನ್ನು ಅವರಿಗೆ ಓದಿ ಹೇಳು.

ದುಡಿಮೆ ಬೇರೆ, ಸಾಮು ಬೇರೆ. ಎರಡರಲ್ಲೂ ಭಾರ ಇರುತ್ತದೆ, ಅಷ್ಟೇ ಹೋಲಿಕೆ. ಗರಡಿ ಮನೆಯಲ್ಲಿ ಹುಡುಗ ಇವತ್ತು ಎಷ್ಟು ಬಸ್ಕಿ ಹೊಡೆಯಬೇಕು ಎಂಬುದನ್ನು ಉಸ್ತಾದ ಅವನ ಮೈ ನೋಡಿ ಹೇಳುತ್ತಿದ್ದ. ಮಿಲ್ಲಿನಲ್ಲಿ ಹೇಳುವುದು ಲಾರಿ. ಜ್ವರ ಬಂದರೂ ಚೀಲ 75 ಕೆಜಿಯೇ. ರಾತ್ರಿ ನಿದ್ದೆ ಇಲ್ಲದಿದ್ದರೂ 75 ಕೆಜಿಯೇ. ಗರಡಿಯಲ್ಲಿ ಎತ್ತಿದ ಮೇಲೆ ಹಾಲು, ಬಾದಾಮಿ, ನಿದ್ದೆ. ಇಲ್ಲಿ ಎತ್ತಿದ ಮೇಲೆ ಮಿರ್ಚಿ-ಮಂಡಕ್ಕಿ ತಿಂದು, ಚಹಾ ಕುಡಿದು, ಇನ್ನೊಂದು ಲಾರಿ. ಸ್ನಾಯು ಬೆಳೆಯುವುದು ಎತ್ತುವಾಗ ಅಲ್ಲವ್ವಾ, ಎತ್ತಿದ ಮೇಲಿನ ಎರಡು ದಿನ ಸುಮ್ನೆ ಇರುವಾಗ. ಆ ಎರಡು ದಿನ ನಿಮ್ಮಪ್ಪನಿಗೆ ಮೂವತ್ತೈದು ವರ್ಷದಲ್ಲಿ ಎಷ್ಟು ಸಲ ಸಿಕ್ಕಿದೆ?

ಇನ್ನೊಂದು, ಹಮಾಲಿ ಕೆಲಸದಲ್ಲಿ ಒಂದೇ ಚಲನೆ. ಬಾಗು, ಬೆನ್ನ ಮೇಲೆ ತಗೋ, ನಡಿ, ಕೆಡವು. ತಲೆಯ ಮೇಲಕ್ಕೆ ಕೈ ಚಾಚಿ ಒತ್ತುವುದು, ಎದೆಯ ಕಡೆಗೆ ಎಳೆಯುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು ಇದರಲ್ಲಿ ಬರುವುದೇ ಇಲ್ಲ. ಹಾಗಾಗಿ ಕೆಲವು ಸ್ನಾಯು ಕಬ್ಬಿಣ, ಕೆಲವು ಹತ್ತಿ. ಎಲ್ಲ ಭಾರ ಅದೇ ಕೀಲುಗಳ ಮೇಲೆ. ಯುರೋಪಿನಲ್ಲಿ ಕಾರ್ಮಿಕರ ಮೇಲೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆ, ಬಿಡುವಿನಲ್ಲಿ ಮಾಡುವ ವ್ಯಾಯಾಮದಿಂದ ಹೃದಯಕ್ಕೆ ಸಿಗುವ ಲಾಭ ದಿನವಿಡೀ ಬೆವರುವ ಕೂಲಿ ಕೆಲಸದಿಂದ ಸಿಗುವುದಿಲ್ಲ. ಇದನ್ನು ತಿಳಿಯದೆ "ಹಳ್ಳಿ ಜನರಿಗೆ ಎಕ್ಸರ್‌ಸೈಜ್ ಯಾಕೆ, ಹೊಲದಲ್ಲೇ ಆಗುತ್ತದೆ" ಎನ್ನುವ ಪೇಟೆಯವರ ಮಾತು ಕೇಳಿದರೆ ನನಗೆ ರೇಗುತ್ತದೆ.

ಈಗ ನಿಮ್ಮಪ್ಪನ ವಿಷಯ. ಚೀಲ ಬಿಟ್ಟು ಒಂದು ವರ್ಷವಾಯಿತು ಅಂದೆ. ನೋವಿಗೆ ಹೆದರಿ ಮಂಚ ಹಿಡಿದಿದ್ದರೆ ಇದ್ದ ಬಲವೂ ಬೇಗ ಇಳಿದಿರುತ್ತದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಿಗೆ ತೋರಿಸು. ಹರ್ನಿಯಾ ಇದೆಯಾ ಅಂತಲೂ ಕೇಳು, ಭಾರ ಹೊತ್ತ ಗಂಡಸರು ನಾಚಿಕೆಗೆ ಮುಚ್ಚಿಡುತ್ತಾರೆ. ನೋವು ಕಾಲಿನುದ್ದಕ್ಕೂ ಹರಿದು ಪಾದ ಎತ್ತಲು ಆಗದಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಹೋಗಬೇಕು, ನಾಳೆ ಎನ್ನಬಾರದು. ನಮ್ಮ ಕಡೆ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದಲೂ ಕೀಲು, ಬೆನ್ನು ಬಿಗಿಯುತ್ತವೆ. ಚಿಕ್ಕಂದಿನಿಂದ ಎಲ್ಲಿಯ ನೀರು ಕುಡಿದರು ಎಂಬುದನ್ನೂ ಡಾಕ್ಟರಿಗೆ ಹೇಳಿಸು.

ಡಾಕ್ಟರ್ ಸರಿ ಅಂದ ಮೇಲೆ ವಾರಕ್ಕೆ ಎರಡೇ ದಿನ, ಇಪ್ಪತ್ತೇ ನಿಮಿಷ. ಗೋಡೆಗೆ ಕೈಕೊಟ್ಟು ದಂಡ ಹೊಡೆಯಲಿ. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸಲಿ. ಹಳೇ ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿ ಎದೆಯ ಕಡೆಗೆ ಎಳೆಯಲಿ, ಚೀಲ ಹೊತ್ತು ಮುಂದಕ್ಕೆ ಬಾಗಿದ ಹೆಗಲಿಗೆ ಇದರಷ್ಟು ಹಿತ ಬೇರೆ ಇಲ್ಲ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಲಿ. "75 ಕೆಜಿ ಹೊತ್ತವನಿಗೆ ಸೈಕಲ್ ಟ್ಯೂಬಾ?" ಎಂದು ನಗುತ್ತಾರೆ. ನಗಲಿ. ಹನ್ನೆರಡು ಸಲ ಎಳೆದ ಮೇಲೂ ನಗುತ್ತಾರಾ ನೋಡಿ ನನಗೆ ಬರೆ.

ನನಗೆ 61. ಮೂಳೆ ಪರೀಕ್ಷೆ ಮಾಡಿಸಿದರೆ ಟಿ-ಸ್ಕೋರ್ ಮೈನಸ್ 2.1 ಬಂತು. ಶುಗರ್ ಗುಳಿಗೆಯೂ ಇದೆ. ಮನೆಯಲ್ಲಿ ಈಗ ಒಂದು ಕೊಡ ನೀರನ್ನೂ ಎತ್ತಲು ಬಿಡುತ್ತಿಲ್ಲ, ಸೊಸೆ ಕೈಯಿಂದ ಕಸಿದುಕೊಳ್ಳುತ್ತಾಳೆ. ಜಿಮ್ಮಿಗೆ ಹೋಗೋಣ ಅಂದರೆ ಅಲ್ಲಿ ಪೂರ್ತಿ ಹುಡುಗರು. ಏನು ಮಾಡಲಿ?
— ಓದುಗಿ, ಸಿಂಧನೂರು

ಅಕ್ಕಾರೆ, ಸೊಸೆಯ ಪ್ರೀತಿ ದೊಡ್ಡದು, ಆದರೆ ಕೊಡ ವಾಪಸ್ ಕೇಳಿ. ಟಿ-ಸ್ಕೋರ್ ಅಂದರೆ ಮೂಳೆ ಎಷ್ಟು ಗಟ್ಟಿ ಇದೆ ಎಂಬುದರ ಅಂಕ. ಅದು ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಿದೆ ಅಂತ. ಮೈನಸ್ 2.5 ಮುಟ್ಟಿದರೆ ಅದು ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ರೋಗ. ನೀವು ಗೆರೆಯ ಈಚೆ ಇದ್ದೀರಿ. ಮೂಳೆಗೆ ಭಾರ ಬಿದ್ದರೇ ಗಟ್ಟಿಯಾಗುವ ಗುಣ. ಏನೂ ಎತ್ತದೆ ಕುಳಿತರೆ "ನನ್ನ ಅಗತ್ಯ ಇಲ್ಲ" ಎಂದು ಅದು ಇನ್ನಷ್ಟು ಕರಗುತ್ತದೆ.

ಆಸ್ಟ್ರೇಲಿಯಾದಲ್ಲಿ ನಿಮ್ಮ ಹಾಗೆಯೇ ಮೂಳೆ ತೆಳುವಾದ, ಮುಟ್ಟು ನಿಂತ 101 ಹೆಂಗಸರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧರ್ಧ ತಾಸು ನಿಜವಾಗಿ ಭಾರವಾದದ್ದನ್ನೇ ಎತ್ತಿಸಿದರು. ಬೆನ್ನುಮೂಳೆಯ ಸಾಂದ್ರತೆ ಶೇ 3ರ ಹತ್ತಿರ ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನದು ಶೇ 1ಕ್ಕಿಂತ ಸ್ವಲ್ಪ ಜಾಸ್ತಿ ಇಳಿಯಿತು. ಆದರೆ ಭಾರ ಎತ್ತಿದವರ ಪಕ್ಕದಲ್ಲಿ ಪ್ರತಿ ಸಲವೂ ಕಲಿತ ತರಬೇತುದಾರರು ನಿಂತಿದ್ದರು. ಮೊದಲ ತಿಂಗಳು ಹಗುರ ಭಾರದಲ್ಲಿ ಎತ್ತುವ ಸರಿಯಾದ ರೀತಿಯನ್ನೇ ಕಲಿಸಿದರು. ಇದನ್ನು ಬಿಟ್ಟು ನಾಳೆಯೇ ಸಿಲಿಂಡರ್ ಎತ್ತಲು ಹೋಗಬೇಡಿ.

ಬಾಗುವುದೇ ಇದರ ಗುಟ್ಟು. ಎರಡೂ ಕೈಯಲ್ಲಿ ಸಾಮಾನು ಇದ್ದಾಗ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತೀರಲ್ಲ, ಹಾಗೆ. ಸೊಂಟ ಹಿಂದಕ್ಕೆ ಹೋಗಬೇಕು, ಬೆನ್ನು ಕಮಾನಾಗಬಾರದು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಂತು, ಹಿಂಬದಿಯಿಂದ ಗೋಡೆ ಮುಟ್ಟಿ ಬನ್ನಿ, ದಿನಾ ಇಪ್ಪತ್ತು ಸಲ. ಅದು ಮೈಗೆ ಬಂದ ಮೇಲೆ ಕೈಗೆ ಎರಡು ನೀರಿನ ಕ್ಯಾನ್, ಹಾಗೇ ಬಾಗಿ ಏಳಿ. ಎರಡೆರಡು ಲೀಟರಿನಿಂದ ಶುರು ಮಾಡಿ, ವಾರಕ್ಕೆ ಅರ್ಧ ಲೀಟರ್ ಏರಿಸಿ. ಹತ್ತನೇ ಸಲಕ್ಕೆ "ಇನ್ನೆರಡು ಆಗಬಹುದಿತ್ತು" ಅನಿಸಬೇಕು. ಇನ್ನಿಪ್ಪತ್ತು ಆಗಬಹುದು ಅನಿಸಿದರೆ ಅದು ವ್ಯಾಯಾಮ ಅಲ್ಲ, ಕಾಲಹರಣ. ಭಾರ ಹಿಡಿದು ನಡು ತಿರುಚುವುದು ಮಾತ್ರ ಬೇಡ. ಹಿಂದೆ ಬೆನ್ನುಮೂಳೆ ಮುರಿದಿದ್ದರೆ ಇದ್ಯಾವುದನ್ನೂ ಡಾಕ್ಟರನ್ನು ಕೇಳದೆ ಮಾಡಬೇಡಿ.

ಶುಗರ್ ಇರುವವರಿಗೆ ಇದರಲ್ಲಿ ಇನ್ನೊಂದು ಲಾಭ. ಉಂಡ ಸಕ್ಕರೆ ಹೋಗಿ ಸೇರುವ ದೊಡ್ಡ ಕಣಜ ಸ್ನಾಯು. ಕಣಜ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಆದರೆ ಗ್ಲಿಮೆಪಿರೈಡ್ ತರಹದ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಎತ್ತಬಾರದು, ಶುಗರ್ ತೀರಾ ಇಳಿದುಬಿಡಬಹುದು, ಪಕ್ಕದಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಶುಗರಿನಿಂದ ಕಣ್ಣಿನ ಪರದೆಗೆ ತೊಂದರೆಯಾಗಿದ್ದರೆ ಮೊದಲು ಕಣ್ಣಿನ ಡಾಕ್ಟರ್.

ಜಿಮ್ಮಿನ ಹುಡುಗರ ಬಗ್ಗೆ: ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ ಹೋಗಿ ನೋಡಿ, ಆ ಹೊತ್ತಿಗೆ ಅನೇಕ ಜಿಮ್‌ಗಳು ಖಾಲಿ ಹೊಡೆಯುತ್ತಿರುತ್ತವೆ. ಇಬ್ಬರು ಗೆಳತಿಯರನ್ನು ಜೊತೆಗೆ ಕರೆದುಕೊಳ್ಳಿ. ಸೀರೆ ಮಾತ್ರ ಬೇಡ, ಕಾಲಿಗೆ ತೊಡರುತ್ತದೆ. ಚೂಡಿದಾರ ಸಾಕು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಮೊಮ್ಮಗ ಪ್ರೋಟೀನ್ ಪೌಡರ್ ತಂದುಕೊಟ್ಟಿದ್ದಾನೆ. ಕುಡಿಯಬೇಕಾ?
— ಓದುಗ, 70, ಕೊಪ್ಪಳ

ಕುಡಿದರೆ ತಪ್ಪಿಲ್ಲ, ಕುಡಿಯಲೇಬೇಕು ಅಂತಲೂ ಇಲ್ಲ. ನಮ್ಮ ದೇಶದ ಲೆಕ್ಕದಲ್ಲಿ ದೊಡ್ಡವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಎಂಬುದು ತಜ್ಞರ ಮಾತು. ನೀವು 60 ಕೆಜಿ ಇದ್ದರೆ ಅರವತ್ತರಿಂದ ಎಪ್ಪತ್ತು ಗ್ರಾಂ. ಎರಡು ಜೋಳದ ರೊಟ್ಟಿಯಲ್ಲಿ ಹತ್ತು ಗ್ರಾಂ ಸಿಗಬಹುದು, ಒಂದು ಲೋಟ ಹಾಲಿನಲ್ಲಿ ಆರು, ಒಂದು ಹಿಡಿ ಶೇಂಗಾದಲ್ಲಿ ಏಳು, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಇನ್ನೊಂದು ಏಳು. ಮೊಳಕೆ ಹೆಸರು, ಮಡಕಿ ಕಾಳು, ಮೊಸರು ಸೇರಿಸಿ. ವಾರದಲ್ಲಿ ಮೂರು ದಿನ ಸೋಯಾ ಚಂಕ್ಸ್ ಪಲ್ಯ ಮಾಡಿಸಿ, ಒಣಗಿದ 30 ಗ್ರಾಂನಲ್ಲೇ 15 ಗ್ರಾಂ ಪ್ರೋಟೀನ್ ಇದೆ. ತೊಂದರೆ ಬರುವುದು ಎಲ್ಲಿ ಅಂದರೆ, ವಯಸ್ಸಾದವರು ರಾತ್ರಿ ಒಂದಿಷ್ಟು ಮಂಡಕ್ಕಿ ಒಗ್ಗರಣೆ ತಿಂದು "ಸಾಕು, ಹಗುರ ಇರಲಿ" ಎಂದು ಮಲಗುತ್ತಾರೆ. ಅದರಲ್ಲಿ ಗಾಳಿ ಜಾಸ್ತಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಹೇಳಿದಷ್ಟೇ ಪ್ರೋಟೀನ್.

ಬಿಪಿ ಇದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತು. ಯಾವಾಗ ಮಾಡಬೇಕು, ಮಾಡಬಹುದಾ?
— ಓದುಗ, 69, ರಾಯಚೂರು

ಬಿಪಿ ಗುಳಿಗೆಯಿಂದ ಹತೋಟಿಯಲ್ಲಿದ್ದರೆ ಮಾಡಬಹುದು. ಒಂದೇ ಒಂದು ಶರತ್ತು: ಉಸಿರು ಕಟ್ಟಬೇಡಿ. ಕಟ್ಟಿ ಮುಕ್ಕರಿಸಿದರೆ ಬಿಪಿ ಆ ಗಳಿಗೆಯಲ್ಲಿ ಭಾರೀ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಮರೆತುಹೋಗುತ್ತದೆ ಅಂದರೆ ಗಟ್ಟಿಯಾಗಿ ಎಣಿಸಿ, ಎಣಿಸುವವರು ಉಸಿರು ಕಟ್ಟಲಾರರು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿ. ಸಂಜೆ ಮಾಳಿಗೆ ಮೇಲೆ ಮಾತ್ರ ಬೇಡ, ರಾತ್ರಿ ಎಂಟಾದರೂ ಅಲ್ಲಿ ಹಂಚಿನ ಕಾವು ಇರುತ್ತದೆ. ಎದೆ ಹಿಡಿದಂತಾದರೆ, ಕಣ್ಣು ಕತ್ತಲಾದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಗುರುಗಳೇ, ಎಲ್ಲರಿಗೂ ಹೇಳುತ್ತೀರಿ. ನೀವು ಎಷ್ಟು ಎತ್ತುತ್ತೀರಿ? ನಿಜ ಹೇಳಿ.
— ನಿಮ್ಮ ಹಳೇ ಶಿಷ್ಯ, 46, ಕುಷ್ಟಗಿ

ನಿಜ ಕಕ್ಕಿಸಲು ಹಳೇ ಶಿಷ್ಯರೇ ಬೇಕು.

57ರಲ್ಲಿ ಮೊದಲ ಸಲ ಜಿಮ್ಮಿಗೆ ಕಾಲಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಸಾವಧಾನ್ ವಿಶ್ರಾಮ್ ಹೇಳಿದವನಿಗೆ ಯಾರೂ ಏನೂ ಕಲಿಸಬೇಕಿಲ್ಲ ಎಂಬ ಗರ್ವ. ಅಲ್ಲಿದ್ದ ಹುಡುಗ "ಎತ್ರಿ ಸರ್, ನಿಮಗೇನು" ಅಂದ. ಚಿಕ್ಕವನಿದ್ದಾಗ ನಮ್ಮೂರ ಹನುಮಪ್ಪನ ಗುಡಿ ಮುಂದಿನ ಗುಂಡುಕಲ್ಲನ್ನು ಮೊಣಕಾಲಿನವರೆಗೆ ತಂದಿದ್ದೆ, ಅದೇ ನೆನಪಿನಲ್ಲಿ ಮೊದಲ ದಿನವೇ 60 ಕೆಜಿಗೆ ಕೈಹಾಕಿದೆ. ನಡು ಹಿಡಿಯಿತು. ಮೂರು ವಾರ ಮಂಚದ ಮೇಲೆ. ಮನೆಯವಳು ಬಿಸಿನೀರಿನ ಬ್ಯಾಗು ಕೊಡುವಾಗಲೆಲ್ಲ "ಎತ್ರಿ ಸರ್" ಅನ್ನುತ್ತಿದ್ದಳು, ಈಗಲೂ ಅನ್ನುತ್ತಾಳೆ. ತಪ್ಪು ಹುಡುಗನದಲ್ಲ, ನನ್ನದು. ಆಮೇಲೆ ಎರಡು ಎಣ್ಣೆ ಕ್ಯಾನಿನಿಂದ ಶುರು ಮಾಡಿದೆ. ಅದೇ 60 ಕೆಜಿ ಮುಟ್ಟಲು ಎರಡು ವರ್ಷ ಹಿಡಿಯಿತು.

ಈಗ ನೆಲದಿಂದ 70 ಕೆಜಿ, ಐದು ಸಲ. ಒಂದೇ ಉಸುರಿಗೆ ಹದಿನಾಲ್ಕು ದಂಡ. ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲಿಗೆ ಎರಡು ಕಡೆ ನಿಲ್ಲುತ್ತೇನೆ, ಮೊದಲು ಆರು ಕಡೆ ನಿಲ್ಲುತ್ತಿದ್ದೆ. ಬಾರಿಗೆ ಜೋತು ಬಿದ್ದು ಗದ್ದ ಮೇಲೆ ತರುವುದು ಮಾತ್ರ ಇನ್ನೂ ಸೊನ್ನೆ. ಹೈಸ್ಕೂಲಿನಲ್ಲಿ ಹೊಟ್ಟೆನೋವು ಅಂತ ಹೇಳಿ ನೀನು ತಪ್ಪಿಸಿಕೊಳ್ಳುತ್ತಿದ್ದೆಯಲ್ಲ, ಅದೇ. 46 ಅಂತ ಬರೆದಿದ್ದೀ. ನಿನಗೆ ಎಷ್ಟು ಆಗುತ್ತವೆ, ಮುಂದಿನ ಪತ್ರದಲ್ಲಿ ಬರೆ. ಹೊಟ್ಟೆನೋವು ಅನ್ನಬೇಡ.